ಹೊಳೆಗೆ ಹಾಕಿದ ನಾಣ್ಯ

ಇವತ್ತು ಬೆಳಿಗ್ಗೆ ಹರಿಹರದ ಸೇತುವೆಯ ಮೇಲೆ ನಮ್ಮ ಕಾರಿನ ಬಾಗಿಲುಗಳು ತಮ್ಮಷ್ಟಕ್ಕೆ ತಾವೇ ‘ಟಕ್’ ಎಂದು ಲಾಕ್ ಆದವು. ಮರುಕ್ಷಣ ‘ಟಕ್’ ಎಂದು ತೆರೆದುಕೊಂಡವು. ಈ ಸದ್ದು ಕೇಳಿ ಬಹಳ ದಿನವಾಗಿತ್ತು. ಹಳೆಯ ನೆಂಟರು ಹೇಳದೆ ಕೇಳದೆ ಬಂದಂತೆ ಸಂತೋಷವೂ ಆಯಿತು, ಎಷ್ಟು ದಿನ ಇರುತ್ತಾರೋ ಎಂಬ ಚಿಂತೆಯೂ ಹತ್ತಿತು.

ಮೊದಲು ಈ ಸದ್ದು ಶುರುವಾದದ್ದು ಮಾವನವರಿಗೆ ಎದೆನೋವು ಬಂದ ವರ್ಷ. ನಮ್ಮ ಮನೆ ದಾವಣಗೆರೆಯ ಆನೆಕೊಂಡದಲ್ಲಿ. ಸುತ್ತಲಿನ ಜಿಲ್ಲೆಗಳ ರೋಗಿಗಳೆಲ್ಲ ಈ ಊರಿಗೆ ಬಂದರೆ, ಮಾವನವರು ಹುಬ್ಬಳ್ಳಿಯ ಡಾಕ್ಟರೇ ಆಗಬೇಕೆಂದರು. ಆ ಡಾಕ್ಟರು ದೂರದ ಬೀಗರ ಅಳಿಯ. ಅದಕ್ಕಿಂತ ದೊಡ್ಡ ಡಿಗ್ರಿ ಬೇಕೆ? ನನ್ನ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ. ಹಾಗಾಗಿ ಕಾರಿನ ಕೀಲಿ ನನ್ನ ಕೈಗೆ ಬಂತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನದು ಅನ್ನಿಸಿದ ಮೊದಲ ವಸ್ತು ಅದೇ.

ಮಾವ ಹಿಂದಿನ ಸೀಟಿನಲ್ಲಿ, ಅತ್ತೆ ನನ್ನ ಪಕ್ಕದಲ್ಲಿ. ಹೋಗುವಾಗ ಬರುವಾಗ ಸೇತುವೆ ಸಿಕ್ಕ ಕೂಡಲೇ ಅತ್ತೆ ಸೆರಗಿನ ಗಂಟಿನಿಂದ ನಾಣ್ಯ ತೆಗೆದು, ಕಣ್ಣಿಗೊತ್ತಿಕೊಂಡು ತುಂಗಭದ್ರೆಗೆ ಎಸೆಯುವರು. ಎಸೆದವರೇ ಕಣ್ಣು ಮುಚ್ಚಿ ಕೈ ಮುಗಿಯುವರು. ಗಂಡನನ್ನು ಉಳಿಸಿಕೊಡು ಎಂಬುದೊಂದೇ ಬೇಡಿಕೆ. ಆದರೆ ಅದೇ ಗಂಡನಿಗೆ ಗಾಳಿ ಬಡಿಯಬಾರದಲ್ಲ, ಗಾಜನ್ನು ನಾಲ್ಕು ಬೆರಳಿಗಿಂತ ಕೆಳಗೆ ಇಳಿಸುತ್ತಿರಲಿಲ್ಲ. ಆಯುಷ್ಯವೆಲ್ಲ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಿದ ಮಾವನವರು, ಈ ದುಡ್ಡು ತೆಗೆದುಕೊಂಡು ಹೊಳೆ ಯಾವ ಸಂತೆಗೆ ಹೋಗುತ್ತದೆ ಎಂದು ಹಿಂದಿನಿಂದ ಕೇಳುವರು.

ಕೆಲವು ತಿಂಗಳಲ್ಲಿ ಬಾಗಿಲುಗಳಿಗೆ ಹುಚ್ಚು ಹಿಡಿಯಿತು. ಹಂಪ್ ಹತ್ತಿದರೆ ಟಕ್, ತಿರುವಿನಲ್ಲಿ ಟಕ್. ಗ್ಯಾರೇಜಿಗೆ ಹೋದರೆ ಮಾತ್ರ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವರ ಹಾಗೆ ಮಹಾ ಗಂಭೀರ. ಒಬ್ಬ ಎಲೆಕ್ಟ್ರಿಷಿಯನ್ ಬ್ಯಾಟರಿ ಬದಲಿಸಿದ, ಇನ್ನೊಬ್ಬ ಫ್ಯೂಸು ಬದಲಿಸಿದ. ಮೂರನೆಯವನು ಏನನ್ನೂ ಬದಲಿಸದೆ ನನ್ನನ್ನೇ ನೋಡಿದ.

“ಎಲ್ಲಾ ಬರೋಬರಿ ಐತ್ರಿ ಮೇಡಂ. ನೀವೇ ಗೊತ್ತಿಲ್ದಂಗೆ ಬಟನ್ ಒತ್ತಿರ್ಬೇಕು.”

ಮಾವನವರಿಗೆ ಇಷ್ಟು ಸಾಕಿತ್ತು. ಗಾಡಿಗೇನೂ ಆಗಿಲ್ಲ, ಹೊಡೆಯುವವರಿಗೇ ಬರುವುದಿಲ್ಲ ಎಂದು ತೀರ್ಪು ಕೊಟ್ಟು, ಮಾರಲು ಗಿರಾಕಿಯನ್ನೂ ಗೊತ್ತುಮಾಡಿದರು. ಕಾರು ಹೋದರೆ ಹೋಗಲಿ ಅನ್ನಬಹುದು. ಆದರೆ ಕೀಲಿ ಹೋಗಿ, ಗಾಡಿ ಹೊಡೆಯಲು ಬಾರದ ಸೊಸೆ ಎಂಬ ಬಿರುದು ಉಳಿಯುವುದಿದೆಯಲ್ಲ, ನನಗೆ ಅಳುವೇ ಬಂತು.

ಮಾರುವ ಮುಂಚಿನ ಕೊನೆಯ ಪ್ರಯಾಣ. ಹುಬ್ಬಳ್ಳಿಯಿಂದ ಬರುವಾಗ ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿದ್ದವು. ನಾನೂ ಎಂಜಿನ್ ನಿಲ್ಲಿಸಿದ್ದೆ. ಅತ್ತೆ ನಾಣ್ಯ ಎಸೆದರು. ಅದು ಗಾಜಿಗೆ ಬಡಿದು, ಬಿಸಿಲಿಗೆ ಒಣಗಿ ಬಾಯಿ ಬಿಟ್ಟಿದ್ದ, ಗಾಜಿನ ಬುಡದ ರಬ್ಬರ್ ಪಟ್ಟಿಯ ಸಂದಿಯಲ್ಲಿ ಬಾಗಿಲೊಳಗೆ ಜಾರಿತು. ಒಳಗೆ ‘ಝಣ್’. ಬೆನ್ನಿಗೇ ‘ಟಕ್’.

ತಪ್ಪು ನನ್ನದಲ್ಲ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಅಷ್ಟರಲ್ಲಿ ಮಾವ ಚೇತರಿಸಿಕೊಂಡಿದ್ದರು, ಉಳಿಸಿದ್ದು ಹೊಳೆಯೇ ಎಂದು ಅತ್ತೆ ಓಣಿಗೆಲ್ಲ ಹೇಳಿದ್ದರು. ಈಗ ಬಾಯಿ ಬಿಟ್ಟರೆ ಅವರ ಹೊಳೆ ಹೋಗುತ್ತದೆ, ಬಿಡದಿದ್ದರೆ ನನ್ನ ಕೀಲಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಕಾಣೆ. ನಾನು ಕೀಲಿಯ ಕಡೆಗೇ ವಾಲಿದೆ.

ಹರಿಹರದಲ್ಲೇ ಒಬ್ಬ ಎಲೆಕ್ಟ್ರಿಷಿಯನ್ನಿಗೆ ಆ ಬಾಗಿಲನ್ನು ಬಿಚ್ಚು ಎಂದೆ. ಒಳಗಿನ ಹಲಗೆ ಕಳಚಿದ್ದೇ ತಡ, ನಾಣ್ಯಗಳು ಸುರಿದವು. ಉಜ್ಜಿ ಉಜ್ಜಿ ಲಾಕಿನ ತಂತಿಯ ಸಿಪ್ಪೆ ಸುಲಿದಿದ್ದವು. ಒಂದು ಅದರ ಮೇಲೇ ಕೂತಿತ್ತು. ಮಾವನವರು ಜೀವಮಾನವೆಲ್ಲ ಕಾದ ಗಳಿಗೆ ಅದು. ಗಂಟಲು ಸರಿಮಾಡಿಕೊಂಡರು.

ಅತ್ತೆ ಅವರಿಗಿಂತ ಮೊದಲೇ ಕೇಳಿದರು. “ಹೊಳಿಗೆ ಮುಟ್ಟೇ ಇಲ್ಲ ಅಂದ್ರೆ, ಇವರ್ನ ಉಳಿಸಿದ್ದು ಯಾರು?”

ಬಾಗಿಲನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಹಣೆಯ ವಿಭೂತಿಯನ್ನು ಬೆರಳಲ್ಲಿ ತೀಡಿ ಅದಕ್ಕೆ ಹಚ್ಚಿದರು. “ಈ ಗಾಡಿ ಮಾರಂಗಿಲ್ಲ.”

ಮಾವ ಅಲ್ಲಿಂದಲೇ ಗಿರಾಕಿಗೆ ಫೋನು ಹಚ್ಚಿದರು. ಗಿರಾಕಿ ವಾಪಸಾದ, ತಂತಿಗೆ ಟೇಪು ಸುತ್ತಿಸಿದ್ದಾಯಿತು, ರಬ್ಬರ್ ಪಟ್ಟಿ ಹೊಸದಾಯಿತು, ಕೀಲಿ ನನ್ನಲ್ಲೇ ಉಳಿಯಿತು. ಹೀಗೆ ನಾನು ಗೆದ್ದೆ, ನನ್ನ ತಪ್ಪಿಲ್ಲವೆಂದು ಇಡೀ ಮನೆಗೆ ಗೊತ್ತಾಯಿತು.

ಮೊನ್ನೆಯಿಂದ ಮಾವನವರಿಗೆ ಮತ್ತೆ ಉಸಿರು ಹಿಡಿಯುತ್ತಿದೆ. ಅದಕ್ಕೇ ಇವತ್ತು ಹುಬ್ಬಳ್ಳಿಗೆ ಹೊರಟದ್ದು. ಸೇತುವೆಯ ಮೇಲೆ ಅತ್ತೆ ಗಾಜನ್ನು ಪೂರ್ತಿ ಇಳಿಸಿ ಒಂದು ನಾಣ್ಯವನ್ನು ಹೊಳೆಗೆ ಎಸೆದರು. ಆಮೇಲೆ ಹೊಸ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಇನ್ನೊಂದನ್ನು ಬಾಗಿಲೊಳಗೆ ಜಾರಿಸಿದರು. ಟೇಪು ಸಡಿಲವಾಗಿರಬೇಕು. ಟಕ್.

“ಮತ್ತೆ ಶುರುವಾತಾ?” ಹಿಂದಿನಿಂದ ಮಾವನ ದನಿ, ಸಣ್ಣಗೆ.

ಅತ್ತೆ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದರು. ಅಂಗೈಯನ್ನು ಬಾಗಿಲಿಗೆ ಒತ್ತಿಕೊಂಡಿದ್ದರು.

“ಇಲ್ಲ ಮಾವ, ನಾನೇ ಗೊತ್ತಿಲ್ದಂಗೆ ಬಟನ್ ಒತ್ತಿದೆ.”

“ನಾ ಅವತ್ತೇ ಹೇಳಿರ್ಲಿಲ್ಲೇನು,” ಎಂದರು ಮಾವ, ಬಹಳ ಸಮಾಧಾನದಿಂದ.