ಕಾಶಿಯಲ್ಲಿ ಬಿಟ್ಟ ದ್ರಾಕ್ಷಿ

ವರಲಕ್ಷ್ಮಮ್ಮನಿಗೆ ಪ್ರಶ್ನೆ ಕೇಳುವ ಚಟ ಯಾವಾಗ ಅಂಟಿತೋ ಯಾರಿಗೂ ಗೊತ್ತಿಲ್ಲ. ಮದುವೆಯ ದಿನ ಧಾರೆ ಎರೆಯುತ್ತಿದ್ದಾಗ, ಇಷ್ಟು ಹಾಲನ್ನು ಆಮೇಲೆ ಏನು ಮಾಡುತ್ತೀರಿ ಎಂದು ಪುರೋಹಿತರನ್ನು ಮೆಲ್ಲಗೆ ಕೇಳಿದ್ದಂತೂ ಅವಳ ಗಂಡ ಜವರಪ್ಪನಿಗೆ ಇಂದಿಗೂ ನೆನಪಿದೆ. ಪುರೋಹಿತರು ಮಂತ್ರ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಅಂದಿನಿಂದ ಜವರಪ್ಪ ಉತ್ತರ ಕೊಡುತ್ತಲೇ ಬಾಳಿದ. ಬೋರ್‌ವೆಲ್ಲಿನ ನೀರು ಚಳಿಗಾಲದಲ್ಲಿ ಬೆಚ್ಚಗೆ ಯಾಕೆ ಬರುತ್ತದೆ, ದ್ರಾಕ್ಷಿ ವ್ಯಾಪಾರಿ ಬೈಲಪ್ಪ ಎರಡೆರಡು ಮೊಬೈಲು ಯಾಕೆ ಇಟ್ಟುಕೊಂಡಿದ್ದಾನೆ, ಹೀಗೆ. ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ ತಲೆ ಕೆರೆದುಕೊಳ್ಳುವುದು. ಸಂಸಾರ ಹೀಗೆಯೇ ಸಾಗಿತ್ತು, ಚೆನ್ನಾಗಿಯೇ ಸಾಗಿತ್ತು.

ನಲ್ಲೂರಿನ ಹುಣಸೆ ತೋಪು ದಾಟಿದರೆ ಸಿಗುವ ಊರು ಅವರದು. ಒಂದೂವರೆ ಎಕರೆ ದ್ರಾಕ್ಷಿ ತೋಟ, ಎರಡು ಹಸು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಊರಿನವರೆಲ್ಲ ಜಮೀನಿನ ಬೆಲೆ ಎಷ್ಟಾಯಿತು ಎಂದು ವಿಚಾರಿಸಿದರೆ, ವರಲಕ್ಷ್ಮಮ್ಮ ವಿಮಾನ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದಳು. ಹೊಸಕೋಟೆಯಲ್ಲಿ ಟೀಚರಾಗಿದ್ದ ಮಗಳು ಯಶಸ್ವಿನಿ ಕಾಟ ತಡೆಯಲಾರದೆ ಅಮ್ಮನ ಫೋನಿಗೆ ವಿಮಾನ ಹೋಗುವ ಊರು ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟಳು. ಆಮೇಲೆ ದಿನಾ ಸಂಜೆ ದೀಪ ಹಚ್ಚಿ ಅಂಗಳಕ್ಕೆ ಬಂದು ಫೋನನ್ನು ಆಕಾಶಕ್ಕೆ ಹಿಡಿಯುವುದೇ ಕೆಲಸ. ಇದು ದೋಹಾಕ್ಕೆ, ಇದು ಸಿಂಗಾಪುರಕ್ಕೆ. ಸಿಂಗಾಪುರದಲ್ಲಿ ಇಳಿದವರು ಮೊದಲು ಏನು ಮಾಡುತ್ತಾರೆ ಎಂದು ಅವಳು ಕೇಳಿದಾಗ ಜವರಪ್ಪ ತಲೆ ಕೆರೆದುಕೊಂಡ. ಬೆಳೆಯೂ ಬೆಲೆಯೂ ಕೈಹಿಡಿದ ಒಂದು ವರ್ಷ, ಹೋಗಿ ನೋಡಿಯೇ ಬಿಡೋಣ ಎಂದುಬಿಟ್ಟ. ಐದು ದಿನದ ಸಿಂಗಾಪುರ ಪ್ರವಾಸ ನಿಗದಿಯಾಯಿತು.

ಹೊರಡುವ ಮುಂಚೆ ಇನ್ಶೂರೆನ್ಸ್ ಮಾಡಿಸಲೇಬೇಕು, ಅಲ್ಲಿ ಆಸ್ಪತ್ರೆಗೆ ಕಾಲಿಟ್ಟರೆ ತೋಟ ಮಾರಬೇಕಾಗುತ್ತದೆ ಎಂದು ಯಶಸ್ವಿನಿ ಹಟ ಹಿಡಿದಳು. ಜವರಪ್ಪ ಮಾತ್ರ ಅದನ್ನು ನಾಳೆ ನಾಳೆ ಎಂದು ಮುಂದೂಡಿದ. ಅದಕ್ಕೆ ಕಾರಣ ಹೇಳಬೇಕೆಂದರೆ ಆರು ವರ್ಷ ಹಿಂದಕ್ಕೆ ಹೋಗಬೇಕು.

ಜವರಪ್ಪನ ಅಪ್ಪ ದೊಡ್ಡಮುನಿಯಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಕಾಲ್ಬೆರಳಿಗೆ ಆದ ಸಣ್ಣ ಗಾಯ ಮಾಯದೆ, ಕಡೆಗೆ ಮಂಡಿಯ ತನಕ ಕಾಲು ತೆಗೆಸಬೇಕಾಯಿತು. ಆ ಹುಣ್ಣನ್ನು ದಿನಾ ತೊಳೆದು ಬಟ್ಟೆ ಕಟ್ಟಿದವಳು ಸೊಸೆ ವರಲಕ್ಷ್ಮಮ್ಮ. ಮಾವ ತೀರಿಕೊಂಡ ಮೇಲೆ, ಆ ಕಾಯಿಲೆಯ ಹೆಸರನ್ನೂ ಈ ಮನೆಯಲ್ಲಿ ಎತ್ತಬೇಡಿ ಎಂದಿದ್ದಳು. ಹೀಗಿರುವಾಗ, ಗಂಡ ಹೆಂಡತಿ ಕಾಶಿಯಾತ್ರೆಗೆ ಹೊರಡಲು ವಾರವಿದೆ ಎನ್ನುವಾಗ, ಕಣ್ಣು ಮಂಜಾಗುತ್ತಿದೆಯೆಂದು ಆಸ್ಪತ್ರೆಗೆ ಹೋದ ಜವರಪ್ಪನಿಗೆ ಡಾಕ್ಟರು, ನಿಮಗೂ ಶುಗರ್ ಇದೆ, ಸಿಹಿ ಬಿಡಬೇಕು, ದ್ರಾಕ್ಷಿಯನ್ನಂತೂ ಮುಟ್ಟಬೇಡಿ ಎಂದರು.

ಮನೆಗೆ ಬಂದು ಹೇಳೋಣವೆಂದರೆ ಬಾಯಿ ಬರಲಿಲ್ಲ. ಹೇಳದೆ ಸಿಹಿ ಬಿಟ್ಟರೆ ಅವಳು ಯಾಕೆ ಎಂದು ಕೇಳದೆ ಇರುತ್ತಾಳೆಯೇ? ದಾರಿ ತೋರಿಸಿದ್ದು ಗಂಗೆ. ಕಾಶಿಗೆ ಹೋದವರು ತಮಗಿಷ್ಟವಾದ ಏನನ್ನಾದರೂ ಅಲ್ಲಿ ಬಿಟ್ಟು ಬರುವುದು ಪದ್ಧತಿ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಇನ್ನೊಬ್ಬರು ಹಲಸಿನ ಹಣ್ಣು. ಜವರಪ್ಪ ಮೂರು ಸಲ ಮುಳುಗೆದ್ದು, ಸಿಹಿ ಬಿಟ್ಟೆ, ದ್ರಾಕ್ಷಿಯನ್ನೂ ಬಿಟ್ಟೆ ಎಂದ. ದೇವರಿಗೆ ಬಿಟ್ಟದ್ದನ್ನು ಯಾಕೆ ಬಿಟ್ಟೆ ಎಂದು ಯಾರೂ ಕೇಳುವಂತಿಲ್ಲ. ವರಲಕ್ಷ್ಮಮ್ಮನೂ ಕೇಳಲಿಲ್ಲ. ಅವಳ ಪ್ರಶ್ನೆ ಕಾಲಿಡದ ಜಾಗ ಲೋಕದಲ್ಲಿ ಅದೊಂದೇ ಇತ್ತು, ಅವನು ಅಲ್ಲಿ ಹೋಗಿ ಅಡಗಿಕೊಂಡ.

ಆದರೆ ಮಾರಾಯ ಒಂದನ್ನು ಯೋಚಿಸಿರಲಿಲ್ಲ. ಗಂಡ ಬಿಟ್ಟದ್ದನ್ನು ತಾನು ಹೇಗೆ ತಿನ್ನಲಿ ಎಂದು ಅವಳೂ ಅದೇ ಮೆಟ್ಟಿಲಿನಲ್ಲಿ ಮುಳುಗಿ ಎರಡನ್ನೂ ಬಿಟ್ಟುಬಿಟ್ಟಳು. ಒಬ್ಬಟ್ಟಿಗೆ ತುಪ್ಪ ಸುರಿದು ಕಣ್ಣು ಮುಚ್ಚಿ ತಿನ್ನುತ್ತಿದ್ದ ಹೆಂಗಸು ಅವಳು. ಅಂದಿನಿಂದ ಯುಗಾದಿಗೆ ಒಬ್ಬಟ್ಟು ಮಾಡುತ್ತಿದ್ದಳು, ಎಡೆಗೆ ಇಡುತ್ತಿದ್ದಳು, ಉಳಿದದ್ದನ್ನು ಹಂಚುತ್ತಿದ್ದಳು. ಸ್ವಂತ ತೋಟದ ಹಣ್ಣು ಸಿಹಿಯಾಗಿದೆಯೇ ಎಂದು ನೋಡಲು ಪಕ್ಕದ ತೋಟದ ಮುನಿಶಾಮಪ್ಪನನ್ನು ಕರೆಯಬೇಕಾಯಿತು, ಆ ಆಸಾಮಿ ಒಂದು ಗೊಂಚಲು ಮುಗಿಸದೆ ಅಭಿಪ್ರಾಯ ಹೇಳುತ್ತಿರಲಿಲ್ಲ. ದ್ರಾಕ್ಷಿ ಬೆಳೆಯುವವನೇ ದ್ರಾಕ್ಷಿ ಬಿಟ್ಟ ಎಂದು ಸುತ್ತಮುತ್ತ ಜವರಪ್ಪನ ಭಕ್ತಿಗೆ ದೊಡ್ಡ ಹೆಸರು ಬಂತು. ವರಲಕ್ಷ್ಮಮ್ಮ ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ಮಾತ್ರೆಗಳು ತೋಟದ ಪಂಪಿನ ಮನೆಯಲ್ಲಿ, ಹಳೆಯ ಗೋಣಿಚೀಲದ ಕೆಳಗಿದ್ದವು. ಸಿಂಗಾಪುರಕ್ಕೆ ಅವನ್ನು ಶಕ್ತಿಮಾತ್ರೆಯ ಡಬ್ಬದಲ್ಲಿ ಹಾಕಿ ಒಯ್ಯುವುದೆಂದು ಯೋಚಿಸಿಕೊಂಡಿದ್ದ. ಇನ್ಶೂರೆನ್ಸಿನವನ ಮುಂದೆಯೂ ಏನೂ ಇಲ್ಲವೆಂದರಾಯಿತು, ಐದು ದಿನದಲ್ಲಿ ಏನಾಗಿಬಿಡುತ್ತದೆ?

ಇನ್ಶೂರೆನ್ಸ್ ಮಾಡಿಸುವ ಬೀರೇಶನ ಆಫೀಸು ದೇವನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಸಿಹಿ ಅಂಗಡಿಯೊಂದರ ಮಹಡಿಯ ಮೇಲೆ. ಮೊದಲು ಹಸು, ಟ್ರ್ಯಾಕ್ಟರುಗಳಿಗೆ ಮಾತ್ರ ವಿಮೆ ಮಾಡಿಸುತ್ತಿದ್ದವನು, ವಿಮಾನಗಳು ಬಂದ ಮೇಲೆ ವಿದೇಶಕ್ಕೆ ಹೋಗುವ ಮನುಷ್ಯರನ್ನೂ ಸೇರಿಸಿಕೊಂಡಿದ್ದ. ಇವರ ಹಸುಗಳ ಕಿವಿಗೆ ವಿಮೆಯ ಓಲೆ ಹಾಕಿಸಿದವನೂ ಅವನೇ. ನಮಗೂ ಓಲೆ ಹಾಕುತ್ತೀಯೇನಪ್ಪ ಎನ್ನುತ್ತಲೇ ವರಲಕ್ಷ್ಮಮ್ಮ ಕುರ್ಚಿ ಎಳೆದುಕೊಂಡಳು.

ಬೀರೇಶ ಲ್ಯಾಪ್‌ಟಾಪಿನಲ್ಲಿ ಮೂರು ಪಾಲಿಸಿ ತೋರಿಸಿದ. ಅವಳಿಗೆ ಹಬ್ಬವಾಯಿತು. ವಿಮಾನ ತಡವಾದರೆ ಪರಿಹಾರ ಎನ್ನುತ್ತೀಯಲ್ಲ, ಎಷ್ಟು ಹೊತ್ತಾದರೆ ತಡ? ಬ್ಯಾಗು ಕಳೆದರೆ ದುಡ್ಡು ಕೊಡುತ್ತಾರೋ, ಹುಡುಕಿಕೊಡುತ್ತಾರೋ? ಬ್ಯಾಗಿನಲ್ಲಿ ಹುಣಸೆ ತೊಕ್ಕು ಇದ್ದರೆ ಅದಕ್ಕೇನು ಬೆಲೆ ಕಟ್ಟುತ್ತಾರೆ? ಪಾಸ್‌ಪೋರ್ಟ್ ಕಳೆದುಕೊಂಡವನು ತಾನು ಯಾರೆಂದು ಅಲ್ಲಿ ಹೇಗೆ ನಂಬಿಸುತ್ತಾನೆ? ಪಾಪ, ಬೀರೇಶ ಒಂದಕ್ಕೂ ಬೇಸರಪಡದೆ ಉತ್ತರ ಹೇಳಿದ. ಜವರಪ್ಪ ಕೊನೆಯಲ್ಲಿದ್ದ ಅಗ್ಗದ ಪಾಲಿಸಿಯೇ ಸಾಕು, ಬೇಗ ಮುಗಿಸು ಎಂದ. ಅವಳು ಅವನ ಕೈ ತಟ್ಟಿ ಸುಮ್ಮನಿರಿಸಿದಳು.

ಅಗ್ಗದ ಪಾಲಿಸಿಗೂ ನಡುವಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಮೊದಲೇ ಕಾಯಿಲೆ ಇರುವವರಿಗೆ ಅಗ್ಗದ್ದು ಉಪಯೋಗವಿಲ್ಲ ಎಂದ ಬೀರೇಶ. ನಡುವಿನದರಲ್ಲಿ ಬಿಪಿ, ಶುಗರ್ ಇದೆಯೆಂದು ಮೊದಲೇ ಹೇಳಿದರೆ, ಅದರಿಂದ ಅಲ್ಲಿ ಜೀವಕ್ಕೆ ತೊಂದರೆಯಾದಾಗ ಆಸ್ಪತ್ರೆ ಖರ್ಚು ಕೊಡುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಏನೂ ಸಿಗುವುದಿಲ್ಲ. ಜವರಪ್ಪ ಕಿಟಕಿಯ ಕಡೆ ತಿರುಗಿದ.

"ಮುಚ್ಚಿಟ್ಟೋನಿಗೆ ಸಿಗಲ್ಲ, ಸರಿ ಕಣಪ್ಪ," ಎಂದಳು ವರಲಕ್ಷ್ಮಮ್ಮ. "ಅವನ ಜೊತೇಲಿ ಹೋದೋಳ ಗತಿ ಏನು?"

ಅವರೇ ನೋಡಿಕೊಳ್ಳಬೇಕು ಎಂದ ಬೀರೇಶ.

ಅವಳು ಬರಿಯ ಕುತೂಹಲಕ್ಕೆ ಕೇಳಿದ್ದಳು. ಜವರಪ್ಪನಿಗೆ ಮಾತ್ರ ಕಣ್ಣಿಗೆ ಕಟ್ಟಿದಂತಾಯಿತು: ಗೊತ್ತಿಲ್ಲದ ಊರಿನ ಆಸ್ಪತ್ರೆ, ಒಳಗೆ ತಾನು ಎಚ್ಚರ ತಪ್ಪಿ ಮಲಗಿದ್ದಾನೆ, ಹೊರಗೆ ಇವಳು ಸೆರಗು ಹಿಡಿದುಕೊಂಡು ಹೋಗಿ ಬರುವವರನ್ನೆಲ್ಲ ಕನ್ನಡದಲ್ಲಿ ಕೇಳುತ್ತಿದ್ದಾಳೆ, ನಮ್ಮ ಯಜಮಾನರಿಗೆ ಏನಾಯ್ತು, ಯಾಕೆ ಹಿಂಗಾಯ್ತು. ಒಬ್ಬರೂ ಉತ್ತರ ಹೇಳುತ್ತಿಲ್ಲ. ಉತ್ತರ ಗೊತ್ತಿದ್ದವನೊಬ್ಬ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ನಡುವಿಂದೇ ಮಾಡು ಬೀರೇಶ. ನಂಗೆ ಶುಗರ್ ಐತೆ," ಎಂದ.

ಕೀಬೋರ್ಡಿನ ಮೇಲೆ ಬೀರೇಶನ ಬೆರಳುಗಳು ನಿಂತವು. ಯಾವಾಗಿನಿಂದ ಎಂದು ಕೇಳಿದವನು ಅವನೇ, ಅವಳಲ್ಲ.

"ಕಾಶಿಗೆ ಹೋಗೋಕೆ ಮುಂಚೆಯಿಂದ."

ವರಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡಿದಳು. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ, ಗಂಗೆಯ ಮೆಟ್ಟಿಲಿನಿಂದ ಹಿಡಿದು ಹೋದ ಯುಗಾದಿಯ ತನಕ ಎಲ್ಲ ಅವಳಿಗೆ ಒಮ್ಮೆಲೇ ತಿಳಿದುಹೋಯಿತು. ಬೀರೇಶ ಲ್ಯಾಪ್‌ಟಾಪಿನ ಕಡೆ ತಿರುಗಿ, ನಿಮಗೇನಾದರೂ ಕಾಯಿಲೆ ಇದೆಯೇ ಅಮ್ಮ ಎಂದ.

"ನಂಗೇನೂ ಇಲ್ಲಪ್ಪ. ಗುಂಡುಕಲ್ಲಿದ್ದಂಗಿದೀನಿ. ಆರು ವರ್ಷದಿಂದ ಸಿಹಿ ಮುಟ್ಟಿಲ್ವಲ್ಲ."

ಅಲ್ಲಿಂದ ಮುಂದೆ ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಬೀರೇಶ ಪಾಲಿಸಿಯ ಉಳಿದ ಷರತ್ತುಗಳನ್ನು ತಾನೇ ಓದಿ ಹೇಳಿದ, ಅವಳು ಸುಮ್ಮನೆ ತಲೆ ಆಡಿಸಿದಳು. ಮದುವೆಯಾದಾಗಿನಿಂದ ಅವಳು ಇಷ್ಟು ಹೊತ್ತು ಏನೂ ಕೇಳದೆ ಕೂತದ್ದನ್ನು ಜವರಪ್ಪ ಕಂಡಿರಲಿಲ್ಲ. ಅವಳು ಬೈದಿದ್ದರೆ ಜೀವ ಹಗುರವಾಗುತ್ತಿತ್ತು.

ಕೆಳಗಿಳಿದವಳೇ ಸೀದಾ ಸಿಹಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಜಹಾಂಗೀರ್ ಕೊಡಪ್ಪ ಎಂದಳು. ಒಂದು ತಿಂದಳು. ಇನ್ನೊಂದು ಹಾಕಿಸಿಕೊಂಡಳು. ಎರಡನೆಯದು ತಿನ್ನುವಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಆದರೂ ತಿನ್ನುವುದನ್ನು ನಿಲ್ಲಿಸಲಿಲ್ಲ. ಜವರಪ್ಪ ಪಕ್ಕದಲ್ಲಿ ಕೂರಲೂ ಆಗದೆ, ದೂರ ಹೋಗಲೂ ಆಗದೆ ನಿಂತಿದ್ದ. ಕೈ ಒರೆಸಿಕೊಂಡು ಅವಳು ತಲೆ ಎತ್ತಿದಳು.

"ಕಾಶಿನೇ ಯಾಕ್ರೀ ಹಿಡ್ಕೊಂಡ್ರಿ?"

"ಬೇರೇನು ಹೇಳಿದ್ರೂ ನೀನು ಯಾಕೆ ಅಂತ ಕೇಳ್ತಿದ್ದೆ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಕೂತ್ಕೊಳ್ಳಿ ಎಂದಳು. ಆಮೇಲೆ ಶುರುವಾಯಿತು. ಯಾವ ಮಾತ್ರೆ, ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ, ಎಲ್ಲಿ ಬಚ್ಚಿಟ್ಟಿದ್ದೀರಿ, ರಕ್ತ ಪರೀಕ್ಷೆ ಯಾವಾಗ ಮಾಡಿಸಿದಿರಿ, ಯಶಸ್ವಿನಿಗೆ ಗೊತ್ತೋ? ಅವನು ಒಂದೊಂದಕ್ಕೂ ಉತ್ತರ ಹೇಳಿದ. ಚಪ್ಪಲಿ ಬಿಡಿ ಎಂದಳು. ಜನ ನೋಡುತ್ತಾರೆ ಎಂದರೂ ಬಿಡಲಿಲ್ಲ. ಬೆಂಚಿನಿಂದ ಇಳಿದು ನೆಲದ ಮೇಲೆ ಕೂತು, ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡು, ಬೆರಳ ಸಂದುಗಳನ್ನೆಲ್ಲ ಅಗಲಿಸಿ ನೋಡಿದಳು. ಹಿಮ್ಮಡಿಯನ್ನು ಒತ್ತಿ, ನೋವು ತಿಳಿಯುತ್ತದೆಯೇ ಎಂದಳು. ತಿಳಿಯುತ್ತದೆ ಎಂದ. ಇನ್ನೊಂದು ಕಾಲನ್ನೂ ಹಾಗೆಯೇ ನೋಡಿದಳು. ಗಾಯವಿರಲಿಲ್ಲ. ಆದರೂ ಪಾದವನ್ನು ಕೆಳಗಿಡಲಿಲ್ಲ.

"ಡಾಕ್ಟ್ರು ಹೇಳ್ದಾಗ ಒಬ್ರೇ ಇದ್ರಲ್ಲ," ಎಂದಳು. "ಭಯ ಆಯ್ತಾ?"

ಇಷ್ಟು ವರ್ಷ ಅದನ್ನು ಕೇಳಿದವರು ಯಾರೂ ಇರಲಿಲ್ಲ.

"ಆಯ್ತು ಕಣೇ," ಎಂದ. "ತುಂಬಾ ಭಯ ಆಯ್ತು."