ಬಂದರಿನ ತಾಯಿಗೆ ಉಡಿ

ಹಡಗು ಇಟಲಿಯ ಈ ಸಣ್ಣ ಬಂದರು ಮುಟ್ಟುವ ತನಕ ನಾನು ವಾಂತಿ ಮಾಡಿಕೊಂಡ ರೀತಿಗೆ ಸಮುದ್ರವೇ ಒಂದು ಗೇಣು ಏರಿರಬೇಕು. ಬೈಲಹೊಂಗಲದಿಂದ ಜೊತೆಗೆ ಬಂದ ದೊಡ್ಡವ್ವ ಹೆದರಿ, ನಾನು ನೆಟ್ಟಗೆ ನೆಲಕ್ಕಿಳಿದರೆ ಆ ಊರಿನ ತಾಯಿಗೆ ಮಡಿಲಿಗೆ ಕಾಣಿಕೆ ಹಾಕಿ ಉಡಿ ತುಂಬುವುದಾಗಿ ಹರಕೆ ಹೊತ್ತಿದ್ದಳು.

ಇಳಿದು ಗುಡ್ಡದ ಮೇಲಿನ ಕೋಟೆ ನೋಡಿದೆವು. "ನಮ್ಮ ಕಿತ್ತೂರಾಗೂ ಗ್ವಾಡಿ ಇಷ್ಟ ಉಳದಿದ್ರ ಚಲೋ ಇತ್ತು" ಎಂದು ದೊಡ್ಡವ್ವ ಕಲ್ಲು ಸವರಿದಳು. ಪಕ್ಕದ ಹಳೆಯ ಚರ್ಚಿನಲ್ಲಿ ಮೇರಿ ಮಾತೆಯನ್ನು ಕಂಡದ್ದೇ ತಡ, ದೊಡ್ಡವ್ವನ ಚೀಲದಿಂದ ಅಕ್ಕಿ, ಖಣ, ಕೊಬ್ಬರಿ ಬಟ್ಟಲು ಹೊರಬಂದವು. ಚರ್ಚು ನೋಡಿಕೊಳ್ಳುವ ಮುದುಕಿ ಓಡಿಬಂದು ಕೈ ಅಡ್ಡ ಹಿಡಿದಳು.

"ಹರಕಿ ತೀರಸದ ನಾ ಹಡಗ ಹತ್ತಂಗಿಲ್ಲ ನೋಡು. ಅಕಿಗೆ ನೀನ ಹೇಳೋ, ಕಾಲೇಜ ಕಲ್ತಾಂವ!"

ನನಗೆ ಇಟಾಲಿಯನ್ ಬಾರದು. ಹಡಗು, ವಾಂತಿ, ಉಡಿ ಎಲ್ಲವನ್ನೂ ಅಭಿನಯಿಸಿದೆ. ಮುದುಕಿ ಗಾಬರಿಯಾಗಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಬಕೆಟ್ ಕೊಟ್ಟಳು.

"ಬಾಳ ಚಲೋ ತಿಳಿಸಿ ಹೇಳಿದಿ, ಸುಮ್ನ ಕುಂದರು" ಎಂದ ದೊಡ್ಡವ್ವ ತಾನೇ ಮುಂದೆ ಹೋದಳು. ಬಾಗಿಲಾಚೆಯ ಸಮುದ್ರವನ್ನೂ ನನ್ನನ್ನೂ ತೋರಿಸಿ ತಾಯಿಗೆ ಕೈ ಮುಗಿದಳು. "ಯವ್ವಾ, ನಮ್ಮ ಹುಡುಗ ಉಳದು ಬಂದಾನ್ರಿ."

ಮುದುಕಿ ತಲೆಯೆತ್ತಿ ಮೇಲಕ್ಕೆ ಬೆರಳು ತೋರಿಸಿದಳು. ಸಮುದ್ರದಿಂದ ಬದುಕಿ ಬಂದವರು ಹರಕೆ ಒಪ್ಪಿಸಿದ್ದ ಪುಟ್ಟ ಮರದ ದೋಣಿಗಳು ಛಾವಣಿಯ ತುಂಬ ತೂಗುತ್ತಿದ್ದವು. ಆಮೇಲೆ ಅವಳು, ಯಾರೂ ಹೇಳಿಕೊಡದೆ, ತನ್ನ ಏಪ್ರನ್ನಿನ ಎರಡೂ ತುದಿ ಹಿಡಿದು ದೊಡ್ಡವ್ವನ ಮುಂದೆ ಒಡ್ಡಿದಳು.

ನಾನು ಬಕೆಟ್ ಹಿಡಿದುಕೊಂಡೇ ಎದ್ದು ನಿಂತೆ.