ಭಾರತಿಯ ಇಪ್ಪತ್ತೊಂದು ಗೇರ್

ಭಾರತಿಯ ಬಗ್ಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ. ಬರೆದರೆ ಸಿಟ್ಟು ಸ್ವಲ್ಪ ಇಳಿದೀತು ಎಂದು ಕೂತಿದ್ದೇನೆ. ಸಿಟ್ಟು ಆಕೆಯ ಮೇಲಲ್ಲ. ಆಕೆಯ ಗಂಡನ ಮೇಲೆ, ಸಿಂಧನೂರಿನ ಒಬ್ಬ ಗೊಬ್ಬರದ ವ್ಯಾಪಾರಿಯ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ.

ನಾನು ಚನ್ನವೀರ. ಮಸ್ಕಿಯಿಂದ ಒಂಬತ್ತು ಕಿಲೋಮೀಟರ್ ದೂರದ ನಮ್ಮೂರಿನ ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ತರ. ಕಚೇರಿ ಎಂದರೆ ದೊಡ್ಡದೇನಲ್ಲ, ನನ್ನ ಮನೆಯ ಪಡಸಾಲೆ. ಒಂದು ಮೇಜು, ಒಂದು ತಕ್ಕಡಿ, ಒಂದು ಠಸ್ಸೆ. ನೌಕರರು ಇಬ್ಬರೇ, ನಾನು ಮತ್ತು ಚೀಲ ಒಯ್ಯುವ ಡಾಕ್ ಸೇವಕಿ ಭಾರತಿ. ಇಲ್ಲಿಯ ಟಪಾಲಿನ ಚೀಲವನ್ನು ಬೆಳಿಗ್ಗೆ ಹನ್ನೊಂದರೊಳಗೆ ಮಸ್ಕಿಗೆ ಮುಟ್ಟಿಸಿ, ಅಲ್ಲಿಗೆ ಬಂದ ಟಪಾಲನ್ನು ತಂದು ಊರಲ್ಲಿ ಹಂಚುವುದು ಆಕೆಯ ಕೆಲಸ. ಹನ್ನೊಂದಕ್ಕೆ ಮಸ್ಕಿಯಿಂದ ಟಪಾಲಿನ ಗಾಡಿ ಹೊರಟುಬಿಡುತ್ತದೆ. ಅದು ತಪ್ಪಿತೋ, ಊರಿನ ಕಾಗದವೆಲ್ಲ ಒಂದು ದಿನ ಅಲ್ಲೇ ಬಿದ್ದಿರುತ್ತದೆ.

ಭಾರತಿ ಶಾಲೆಯ ಜವಾನ ಬಸ್ಸಪ್ಪನ ಮಗಳು. ಹತ್ತನೇ ತರಗತಿಯಲ್ಲಿ ತೆಗೆದ ಅಂಕದ ಮೇಲೆ ಸಿಕ್ಕ ನೌಕರಿ ಇದು. ಯಾರ ಶಿಫಾರಸೂ ಇಲ್ಲ, ಯಾರ ಕೈಕಾಲು ಹಿಡಿದದ್ದೂ ಇಲ್ಲ. ಆದರೆ ಹೆರಿಗೆಯಾದಾಗಿನಿಂದ ಎರಡು ವರ್ಷ ಚೀಲ ಒಯ್ದವನು ಆಕೆಯ ಗಂಡ ಭೀಮೇಶ. ರಜೆ ಮುಗಿದರೂ ಅವನೇ ಒಯ್ದ. ದಿನದ ವಹಿಯಲ್ಲಿ ಆಕೆಯ ಹೆಸರಿನ ಸಹಿಯನ್ನೂ ಅವನೇ ಹಾಕಿದ. ನಾನು ನೋಡಿಯೂ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದರೆ, ಅವನ ಹತ್ತಿರ ಮೋಟಾರ್ ಸೈಕಲ್ ಇತ್ತು. ಲಿಂಗಸುಗೂರಿನಿಂದ ನನ್ನ ಬಿಪಿ ಗುಳಿಗೆ ತರುತ್ತಿದ್ದ, ನನ್ನ ಹೊಲದ ಪಂಪಿನ ಸಾಮಾನು ತರುತ್ತಿದ್ದ, ಒಮ್ಮೆ ನನ್ನ ಹೆಂಡತಿಯನ್ನು ಮದುವೆಗೂ ಬಿಟ್ಟು ಬಂದಿದ್ದ. ಇಷ್ಟಕ್ಕೆ ನಾನು ಒಬ್ಬ ಹೆಣ್ಣುಮಗಳ ನೌಕರಿಯನ್ನು ಆಕೆಯ ಗಂಡನಿಗೆ ಕೊಟ್ಟು ಕೂತಿದ್ದೆ. ಥೂ ನನ್ನ ಬಾಳಿಗಿಷ್ಟು!

ಕಳೆದ ವರ್ಷ ಅಸ್ಮಾ ಎಂಬ ನಮ್ಮೂರ ಹುಡುಗಿಗೆ ನರ್ಸಿಂಗ್ ಕಾಲೇಜಿನಿಂದ ಸಂದರ್ಶನದ ರಿಜಿಸ್ಟರ್ ಪತ್ರ ಬಂತು. ಭೀಮೇಶ ಅದನ್ನು ಗಾಡಿಯ ಪೆಟ್ಟಿಗೆಯಲ್ಲಿಟ್ಟು ನಾಲ್ಕು ದಿನ ಮರೆತ. ಸಂದರ್ಶನ ಮುಗಿದುಹೋಯಿತು. ಅಸ್ಮಾ ಜಗಳಕ್ಕೆ ಹೋದದ್ದು ನನ್ನ ಹತ್ತಿರ ಅಲ್ಲ, ಅವನ ಹತ್ತಿರವೂ ಅಲ್ಲ, ಭಾರತಿಯ ಹತ್ತಿರ. "ಪಗಾರ ನಿಂದು, ಸಹಿ ನಿಂದು, ನನ್ನ ಪತ್ರ ಎಲ್ಲಿಟ್ಟಿದ್ದಿ?" ಎಂದು ಬೀದಿಯಲ್ಲಿ ನಿಂತು ಕೇಳಿದಳಂತೆ.

ಭಾರತಿ ಅಲ್ಲಿಂದ ನೆಟ್ಟಗೆ ನನ್ನ ಪಡಸಾಲೆಗೆ ಬಂದಳು. ವಹಿ ಎಳೆದುಕೊಂಡು ಎರಡು ವರ್ಷದ ಹಾಳೆ ತಿರುವಿದಳು.

"ಇದು ನನ್ನ ಸಹಿ ಏನ್ರಿ ಮಾಸ್ತರ್ರ?"

ನಾನು ಕನ್ನಡಕ ಒರೆಸುತ್ತ ಕೂತೆ.

"ನಾಳಿಂದ ಚೀಲ ನಾ ಒಯ್ತೀನಿ. ಯಾವ ಗಂಡಸೂ ಅದನ್ನ ಮುಟ್ಟಂಗಿಲ್ಲ. ನೀವೂ ಕೇಳ್ಸಿಕೋರಿ, ಅವನಿಗೂ ಹೇಳ್ರಿ."

ಹೇಳಿದೆ. ಭೀಮೇಶ ನಕ್ಕ. "ಒಯ್ಲಿ ಬಿಡ್ರಿ. ನನ್ನ ಗಾಡಿ ಮಾತ್ರ ಕೊಡಂಗಿಲ್ಲ. ಬಸ್ಸು ಹನ್ನೊಂದೂವರೆಗೆ ಐತಿ. ಎಷ್ಟು ದಿನ ನಡೀತಾಳ ನೋಡೂಣು."

ಅವಳು ನಡೆದಳು. ನಮ್ಮೂರಿಗೂ ಮಸ್ಕಿಗೂ ನಡುವೆ ಒಂದು ಕಲ್ಲುಗುಡ್ಡ ಇದೆ. ರಸ್ತೆ ಅದರ ಹೆಗಲು ಹತ್ತಿ ಇಳಿಯುತ್ತದೆ. ಹತ್ತು ದಿನ ನಸುಕಿಗೆ ಎದ್ದು ಮಗುವನ್ನು ತಾಯಿಯ ಹತ್ತಿರ ಬಿಟ್ಟು ನಡೆದಳು. ಹಿಮ್ಮಡಿ ಒಡೆದವು. ತಂಗಿಯ ಸಾದಾ ಸೈಕಲ್ ತಂದು ನೋಡಿದಳು. ಏರಿನಲ್ಲಿ ಅದನ್ನು ನೂಕಿಕೊಂಡು ಹೋಗುವುದಕ್ಕಿಂತ ಬರಿಗೈಯಲ್ಲಿ ನಡೆಯುವುದೇ ಲೇಸು ಅನ್ನಿಸಿತು. ಆಮೇಲೆ ಯಾರದೋ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸಿಂಧನೂರಿನಲ್ಲಿ ಹಳೆಯ ಮೌಂಟೇನ್ ಬೈಕ್, ಇಪ್ಪತ್ತೊಂದು ಗೇರ್, ಗುಡ್ಡ ಹತ್ತುವ ಸೈಕಲ್.

ತಿಳಿದವರೊಬ್ಬರು ಇರಲಿ ಎಂದು ನನ್ನನ್ನೂ ಕರೆದಳು. ತಿಳಿದವನಂತೆ ನಾನು! ಗೊಬ್ಬರದಂಗಡಿಯ ಸಿದ್ದಲಿಂಗೇಶ ಯೂರಿಯಾ ಚೀಲಗಳ ಹಿಂದಿನಿಂದ ಸೈಕಲ್ ಎಳೆದು ತಂದ. ಕರಿ ಬಣ್ಣ, ದಪ್ಪ ಗಾಲಿ. ಹ್ಯಾಂಡಲಿನ ಎರಡೂ ಕಡೆ ಗೇರಿನ ಗುಂಡಿ, ಎಡಕ್ಕೆ ಮೂರು ಗೇರ್, ಬಲಕ್ಕೆ ಏಳು, ಗುಣಿಸಿದರೆ ಇಪ್ಪತ್ತೊಂದು. ನಾನು ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆಲ್ ಬಾರಿಸಿ, ತಲೆ ಅಲ್ಲಾಡಿಸಿದೆ.

"ನನ್ನ ಮಗ ನಾಕು ಸಲ ಹೊಡದಾನ, ಅಷ್ಟರಿ," ಅಂದ ಸಿದ್ದಲಿಂಗೇಶ. "ಇಪ್ಪತ್ತೊಂದು ಗೇರ್! ಬುಲೆಟ್ಟಿಗೂ ಐದ ಇರ್ತಾವ ನೋಡ್ರಿ."

"ಗೇರ್ ಹೆಂಗ ಹಾಕೂದ್ರಿ?" ಎಂದು ಭಾರತಿ ಕೇಳಿದಳು.

"ಅದನ್ನ ಮುಟ್ಟಾಕ ಹೋಗಬ್ಯಾಡ ತಂಗಿ. ಎಲ್ಲಾ ಸೆಟ್ ಮಾಡಿ ಇಟ್ಟೀನಿ. ಸುಮ್ನ ತುಳಿ, ಹೋಗ್ತೈತಿ."

ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದಳು. ಹೋಯಿತು. ಎರಡು ತಿಂಗಳು ಕೂಡಿಟ್ಟದ್ದನ್ನು ಕೊಟ್ಟು ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆವು. ಏರಿನಲ್ಲಿ ಒಮ್ಮೆ ಹತ್ತಿಸಿ ನೋಡಿ ಆಮೇಲೆ ಕೊಳ್ಳೋಣ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸಿಂಧನೂರಿನಲ್ಲಿ ಏರು ಎಲ್ಲಿದೆ ಅನ್ನುತ್ತೀರಾ? ಕಾಲುವೆಯ ಏರಿ ಇತ್ತಲ್ಲ, ಅದರ ಮೇಲಾದರೂ ಹತ್ತಿಸಬಹುದಿತ್ತು.

ಊರಿಗೆ ತಂದ ಸಂಜೆಯೇ ಭಾರತಿ ಗುಡ್ಡದವರೆಗೆ ಹೋಗಿ ನೋಡಿದಳು. ಸೈಕಲ್ ಹತ್ತಲಿಲ್ಲ. ಪೆಡಲು ಕಲ್ಲಿನಂತೆ ಬಿಗಿ. ವಾಪಸು ಬಂದಾಗ ಬೀದಿಯ ಗಂಡಸರೆಲ್ಲ ಸೇರಿದ್ದರು. ಭೀಮೇಶ ಹ್ಯಾಂಡಲ್ ಹಿಡಿದು ಗುರುವಾದ.

"ಗೇರಿನ ಗಾಡಿ ಇದು, ನಿಮ್ಮ ತಂಗಿ ಸೈಕಲ್ ಅಲ್ಲ. ನೋಡಿಲ್ಲಿ, ಎಡಗೈ ಕ್ಲಚ್ಚು. ಕ್ಲಚ್ ಹಿಡಿ. ಕಾಲು ನಿಲ್ಸು. ಗೇರ್ ಒತ್ತು. ಕ್ಲಚ್ ಬಿಡು. ಆಮ್ಯಾಲೆ ತುಳಿ. ಏರಿನ್ಯಾಗ ಒಂದಕ್ಕ ಹಾಕು."

ನಮ್ಮೂರಿನ ಗಂಡಸರು ಮೋಟಾರ್ ಸೈಕಲ್ ಬಿಟ್ಟು ಕೆಳಗಿಳಿದು ಎಷ್ಟು ವರ್ಷವಾಯಿತೋ. ಎಡಗೈಯಲ್ಲಿ ಇರುವುದು ಕ್ಲಚ್ಚೇ ಎಂಬುದರಲ್ಲಿ ಅಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಹೌದೌದು ಎಂದು ಎಲ್ಲರೂ ಗೋಣು ಹಾಕಿದರು. ಇದರ ನ್ಯೂಟ್ರಲ್ ಎಲ್ಲೈತಿ ಎಂದು ಒಬ್ಬ ಬಗ್ಗಿ ಹುಡುಕಿದ. ಗೋಣು ಹಾಕಿದವರಲ್ಲಿ ನಾನೂ ಇದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಮೊದಲ ದಿನ ಗುಡ್ಡದ ನಡುವೆ ಆಕೆ ಕ್ಲಚ್ ಹಿಡಿದಳು, ಕಾಲು ನಿಲ್ಲಿಸಿದಳು, ಗೇರ್ ಒತ್ತಿದಳು. ಸೈಕಲ್ ಗಕ್ಕನೆ ನಿಂತಿತು. ಮತ್ತೆ ತುಳಿದಾಗ ಚೈನು ಕಟಕಟ ಎಂದು ಕಳಚಿ ಬಿತ್ತು. ಹಾಕಿಕೊಂಡು ಹತ್ತಿದರೆ ಮತ್ತೆ ಅದೇ ಗತಿ. ಮಸ್ಕಿ ಮುಟ್ಟಿದಾಗ ಹನ್ನೊಂದೂ ಹದಿನೈದು, ಗಾಡಿ ಹೋಗಿತ್ತು. ಎರಡನೆಯ ದಿನ ಹನ್ನೊಂದೂ ಇಪ್ಪತ್ತು. ಮೂರನೆಯ ದಿನವೂ ತಪ್ಪಿತು. ಮೂರನೆಯ ದಿನವಂತೂ ಊರಿನ ಟಪಾಲು ಹಂಚಲು ಆಕೆ ಬಂದದ್ದು ಸಂಜೆ ಐದಕ್ಕೆ. ಮೊಣಕೈವರೆಗೆ ಗ್ರೀಸು, ಸೀರೆಯ ಅಂಚು ಹರಿದಿತ್ತು. ಯಾಕೆ ಇಷ್ಟು ಹೊತ್ತು ಎಂದು ಕೇಳಿದರೆ ಕಾಗದ ವಿಂಗಡಿಸುತ್ತಲೇ ಇದ್ದಳು.

ಆಕೆ ಹೋದ ಮೇಲೆ ಭೀಮೇಶ ಬಂದ. ನನ್ನ ಗುಳಿಗೆಯ ಪೊಟ್ಟಣ ಮೇಜಿನ ಮೇಲಿಟ್ಟ.

"ಮಾಸ್ತರ್ರ, ಹಿಂಗಾದ್ರ ನೌಕರಿನ ಹೋಗ್ತೈತಿ. ಆಕಿಗೆ ಆಗಂಗಿಲ್ಲ ಅಂತ ಮಸ್ಕಿ ಪೋಸ್ಟಿನ ಸಾಹೇಬ್ರಿಗೆ ಒಂದು ಪತ್ರ ಬರೀರಿ. ಆಕಿ ಬದ್ಲಿ ನನ್ನನ್ನ ನೇಮಿಸಿಕೋಬೇಕು ಅಂತ. ನಿಮ್ಮ ಮಾತು ಅವರು ಕೇಳ್ತಾರ."

ನಾನು ಬರೆದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಮೂರು ದಿನ ಚೀಲ ತಡವಾದದ್ದು ನಿಜ, ಸಂಜೆ ಐದಕ್ಕೆ ಟಪಾಲು ಹಂಚಿದ್ದೂ ನಿಜ. ನಿಜವನ್ನೇ ಬರೆದು ಸುಳ್ಳು ಹೇಳುವುದು ಹೇಗೆ ಎಂದು ನನ್ನಂಥ ಹಳೆಯ ನೌಕರನಿಗೆ ಯಾರೂ ಕಲಿಸಬೇಕಾಗಿಲ್ಲ. ಲಕೋಟೆಗೆ ಅಂಟು ಹಚ್ಚಿ ಟಪಾಲಿನ ಡಬ್ಬಿಯಲ್ಲಿ ಹಾಕಿದೆ.

ಆ ಮೂರನೆಯ ದಿನ ಏನಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು, ಮಸ್ಕಿಯಲ್ಲಿ ಸೈಕಲ್ ರಿಪೇರಿ ಮಾಡುವ ಉಸ್ಮಾನ್‌ಸಾಬರ ಬಾಯಿಂದ. ಗಾಡಿ ತಪ್ಪಿದ ಮೇಲೆ ಭಾರತಿ ಅವರ ಅಂಗಡಿಗೆ ಸೈಕಲ್ ನೂಕಿಕೊಂಡು ಹೋಗಿದ್ದಳು. "ಚಾಚಾ, ಇದನ್ನ ಗುಜರಿಗೆ ಹಾಕ್ರಿ, ಇಲ್ಲಾ ಸುಟ್ಟುಬಿಡ್ರಿ," ಅಂದಳಂತೆ.

ಅವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ನೋಡಿದರು. ಎಡಗಡೆಯ ಗೇರಿನ ವಾಯರು ತುಕ್ಕು ಹಿಡಿದು ಕೊಳವೆಯಲ್ಲೇ ಕಚ್ಚಿಕೊಂಡಿತ್ತು. ಚೈನು ಮುಂದೆ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರದ ಮೇಲೆ ಸಿಕ್ಕುಬಿದ್ದು ಪೆಡಲನ್ನು ಬಿಗಿ ಮಾಡಿತ್ತು. ಸಿದ್ದಲಿಂಗೇಶ ಸೆಟ್ ಮಾಡಿ ಇಟ್ಟೀನಿ ಎಂದದ್ದು ಇದಕ್ಕೆ! ಗೊತ್ತಿದ್ದೇ ಮುಟ್ಟಬೇಡ ಎಂದಿದ್ದ, ಆ ಖದೀಮ.

ವಾಯರು ಬದಲಿಸಿ, ಎಣ್ಣೆ ಬಿಟ್ಟು, ಉಸ್ಮಾನ್‌ಸಾಬರು ಕೇಳಿದರು: "ಗೇರ್ ಹಾಕುವಾಗ ಏನ್ ಮಾಡ್ತೀಯ ಬೇಟಾ?"

"ಕ್ಲಚ್ ಹಿಡೀತೀನ್ರಿ. ಕಾಲು ನಿಲ್ಲಸ್ತೀನಿ."

"ಕ್ಲಚ್?"

ಭಾರತಿ ಎಡಗೈ ತೋರಿಸಿದಳು.

"ಯಾ ಅಲ್ಲಾ! ಅದು ಬ್ರೇಕ್ ಬೇಟಾ, ಹಿಂದಿನ ಗಾಲಿ ಬ್ರೇಕ್! ಸೈಕಲ್ಲಿಗೆ ಕ್ಲಚ್ ಎಲ್ಲಿಂದ ಬರಬೇಕು? ಯಾವ ಮೂರ್ಖ ಹೇಳಿದ ನಿನಗ?"

ಆಕೆ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳಂತೆ. "ದುಃಖದ ಅಳು ಅಲ್ರಿ ಮಾಸ್ತರ್ರ ಅದು," ಎಂದರು ಉಸ್ಮಾನ್‌ಸಾಬರು, "ಕೈಯಾಗ ಏನರ ಸಿಕ್ಕಿದ್ರ ಯಾರನ್ನರ ಹೊಡದು ಹಾಕ್ತಿದ್ಲು."

"ಮೂರು ದಿನ ಗಂಡನ ಮಾತು ಕೇಳಿ ಬ್ರೇಕ್ ಹಿಡದು ಗುಡ್ಡ ಹತ್ತೀನಿ ಚಾಚಾ!" ಎಂದಳಂತೆ.

ಉಸ್ಮಾನ್‌ಸಾಬರು ಪೆಡಲನ್ನು ಆಕೆಯೇ ಕೈಯಿಂದ ತಿರುಗಿಸುವಂತೆ ಮಾಡಿದರು. ಪೆಡಲು ತಿರುಗುತ್ತಿರುವಾಗ ಗುಂಡಿ ಒತ್ತಿದರೆ ಚೈನು ತಾನಾಗಿ ಪಕ್ಕದ ಚಕ್ರಕ್ಕೆ ಹತ್ತುತ್ತಿತ್ತು. ಪೆಡಲು ನಿಲ್ಲಿಸಿ ಒತ್ತಿದರೆ ಅಲುಗುತ್ತಲೇ ಇರಲಿಲ್ಲ. ನಿಂತಲ್ಲಿ ಒತ್ತಿಟ್ಟು ಆಮೇಲೆ ಜೋರಾಗಿ ತುಳಿದರೆ ಕಟ್ ಎಂದು ಜಾರುತ್ತಿತ್ತು. ಹಿಂದೆ ದೊಡ್ಡ ಚಕ್ರ ಬಂದರೆ ಹಗುರ, ಸಣ್ಣದು ಬಂದರೆ ಬಿಗಿ. ಮುಂದೆ ಅದರ ಉಲ್ಟಾ, ಸಣ್ಣದು ಹಗುರ. ಭಾರತಿ ಹತ್ತು ಸಲ ತಿರುಗಿಸಿ ನೋಡಿದಳು.

"ಏರು ಬಂದ ಮ್ಯಾಲೆ ಒದ್ದಾಡಬ್ಯಾಡ," ಅಂದರು ಉಸ್ಮಾನ್‌ಸಾಬರು. "ಏರು ಕಂಡ ಕೂಡ್ಲೆ ಹಗುರಕ್ಕ ಹಾಕು. ಒತ್ತುವಾಗ ಮೆತ್ತಗ ತುಳೀತಿರು, ಕಾಲು ಮಾತ್ರ ನಿಲ್ಲಸಬ್ಯಾಡ."

ಆ ಮಧ್ಯಾಹ್ನ ಆಕೆ ಊರಿಗೆ ಬರಲಿಲ್ಲ. ಗುಡ್ಡವನ್ನು ಮೂರು ಸಲ ಹತ್ತಿ ಮೂರು ಸಲ ಇಳಿದಳು. ಸಂಜೆ ಐದಾದದ್ದು ಅದಕ್ಕೆ. ನಾನು ಪತ್ರದಲ್ಲಿ ದೊಡ್ಡ ತಪ್ಪೆಂದು ಬರೆದದ್ದು ಅದನ್ನೇ.

ಮರುದಿನ ಬೆಳಿಗ್ಗೆ ಭಾರತಿ ಬಂದು ಡಬ್ಬಿ ತೆರೆದಳು. ಒಂದೊಂದೇ ಕಾಗದಕ್ಕೆ ಠಸ್ಸೆ ಹೊಡೆಯುತ್ತ ಬಂದಳು. ನನ್ನ ಲಕೋಟೆ ಕೈಗೆ ಬಂತು. ಮೇಲೆ ನನ್ನದೇ ಅಕ್ಷರ, ಮಸ್ಕಿ ಸಾಹೇಬರ ವಿಳಾಸ. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಆಕೆ ಅದಕ್ಕೂ ಠಸ್ಸೆ ಹೊಡೆದು, ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸೈಕಲ್ ಹತ್ತಿ ಹೋದಳು.

ಹತ್ತೂವರೆಗೆ ನನ್ನ ಫೋನು ರಿಂಗಾಯಿತು. ಮಸ್ಕಿ ಸಾಹೇಬರು.

"ಏನ್ರಿ ಚನ್ನವೀರ, ನಿಮ್ಮ ಪತ್ರ ಓದಿದೆ. ಈ ಹೆಣ್ಣುಮಗಳು ಟೈಮಿಗೆ ಚೀಲ ತರೂದಿಲ್ಲ ಅಂತ ಬರದೀರಿ. ಈ ಪತ್ರ ನನ್ನ ಕೈಗೆ ಬಂದದ್ದ ಹತ್ತೂ ಇಪ್ಪತ್ತಕ್ಕ. ತಂದಾಕಿ ಆಕಿನ, ಇಲ್ಲೇ ನಿಂತಾಳ. ಏನ್ ಮಾಡಲಿ ಹೇಳ್ರಿ ಇದನ್ನ?"

ಅವರು "ವಿಚಾರ ಮಾಡಿ ಬರೀರಿ" ಎಂದು ಫೋನಿಟ್ಟರು.

ಮಧ್ಯಾಹ್ನ ಒಂದಕ್ಕೆ ಭಾರತಿ ಬಂದಳು. ಸೈಕಲ್ಲನ್ನು ಗೋಡೆಗೆ ಆನಿಸಿ, ಚೀಲ ಮೇಜಿನ ಮೇಲಿಟ್ಟಳು.

"ಆ ಪತ್ರದಾಗ ಏನಿತ್ತು ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ಗೊತ್ತಿತ್ರಿ. ನಿನ್ನೆ ಸಂಜೀನ ಅವ ಮನಿಗೆ ಬಂದು ಹೇಳಿದ. ಸಕ್ಕರಿ ಹಂಚಿದಂಗ ಹೇಳಿದ."

"ಮತ್ತ ಯಾಕ ಒಯ್ದಿ ಯವ್ವಾ? ಹರದು ಒಗೀಬೇಕಿಲ್ಲ?"

ಆಕೆ ನನ್ನನ್ನೇ ನೋಡಿದಳು. ಅಷ್ಟು ಸಿಟ್ಟಿನ ಕಣ್ಣು ನಾನು ನನ್ನ ಅರವತ್ತು ವರ್ಷದಲ್ಲಿ ನೋಡಿಲ್ಲ.

"ಟಪಾಲು ರೀ ಅದು. ನನ್ನ ಚೀಲಕ್ಕ ಬಿದ್ದ ಮ್ಯಾಲೆ ಮುಟ್ಟಸೂದು ನನ್ನ ಕೆಲಸ. ನನಗ ಕೆಲಸ ಬರ್ತೈತಿ ಮಾಸ್ತರ್ರ. ನಿಮಗ ಬರ್ತೈತೇನು?"

ಆಕೆ ಮೇಜಿನ ಮೇಲಿದ್ದ ವಹಿಯ ಕಡೆ ಕೈ ತೋರಿಸಿದಳು.

"ಈಗ ಇನ್ನೊಂದು ಬರೀರಿ. ಎರಡು ವರ್ಷ ಆ ವಹಿಯಾಗ ಯಾರು ಸಹಿ ಹಾಕ್ಯಾರ, ಯಾರು ಹಾಕಾಕ ಬಿಟ್ಟಾರ, ಎಲ್ಲಾ ಬರೀರಿ. ನಾಳೆ ಅದನ್ನೂ ನಾನ ಒಯ್ತೀನಿ."

ಹಾಗೆ ಬರೆದರೆ ಮೊದಲು ಹೋಗುವುದು ನನ್ನ ಕುರ್ಚಿಯೇ ಎಂದು ಇಬ್ಬರಿಗೂ ಗೊತ್ತಿತ್ತು. ಆಕೆ ಟಪಾಲು ಹಂಚಲು ಹೊರಟುಹೋದಳು. ನಾನು ಹಾಳೆ ತೆಗೆದುಕೊಂಡು ಅದನ್ನೆಲ್ಲ ಬರೆಯತೊಡಗಿದೆ, ಎರಡು ಹಾಳೆ ತುಂಬಿತು. ಮರುದಿನ ಬೆಳಿಗ್ಗೆ ಲಕೋಟೆ ಆಕೆಯ ಕೈಗೇ ಕೊಟ್ಟೆ. ಒಳಗೆ ಏನಿದೆ ಎಂದು ಆಕೆ ಕೇಳಲಿಲ್ಲ. ಸ್ಟಾಂಪು ಸರಿಯಾಗಿ ಅಂಟಿದೆಯೋ ಇಲ್ಲವೋ ಎಂದು ಮಾತ್ರ ನೋಡಿ, ಠಸ್ಸೆ ಹೊಡೆದು ಚೀಲಕ್ಕೆ ಹಾಕಿದಳು.